ತಮಟೆ ಒಡೆದುಕೊಂಡವರು, ಮೂಗು ಹಿಡಿದವರು

1913ರಲ್ಲಿ ಇಟಲಿಯ ಯುದ್ಧನೌಕೆ ‘ರೆಜೀನಾ ಮಾರ್ಗೆರಿತಾ’ ಏಜಿಯನ್ ಸಮುದ್ರದ ಕಾರ್ಪಾಥೋಸ್ ದ್ವೀಪದ ಬಳಿ ಲಂಗರು ಕಳೆದುಕೊಂಡಿತು. ಅದು ಬಿದ್ದಿದ್ದು ಎಪ್ಪತ್ತು ಮೀಟರ್ ಆಸುಪಾಸಿನ ಆಳದಲ್ಲಿ. ಹುಡುಕಿಕೊಡುತ್ತೇನೆಂದು ಬಂದವನು ಸಿಮಿ ದ್ವೀಪದ ಹಾಜಿ ಸ್ಟಾತಿ. ಸಮುದ್ರದ ತಳದಿಂದ ಸ್ಪಂಜು ಕಿತ್ತು ತರುವುದು ಅವನ ಕಸುಬು. ಹಡಗಿನ ವೈದ್ಯರು ಅವನನ್ನು ಪರೀಕ್ಷಿಸಿ ಬೆಚ್ಚಿದರು. ಬಡಕಲು ಮೈ, ಅರವತ್ತು ಕಿಲೋ ತೂಕ, ಶ್ವಾಸಕೋಶ ಊದಿಕೊಂಡ ಲಕ್ಷಣ. ಉಸಿರು ಬಿಗಿಹಿಡಿ ಎಂದರೆ ಹಡಗಿನ ಮೇಲೆ ಒಂದು ನಿಮಿಷವೂ ತಡೆಯಲಿಲ್ಲ. ಕಿವಿಯ ಕಥೆ ಇನ್ನೂ ಕೆಟ್ಟದು: ಒಂದರಲ್ಲಿ ತಮಟೆಯೇ ಇಲ್ಲ, ಇನ್ನೊಂದರಲ್ಲಿ ತೂತು.

ಇಂಥವನು ಚಪ್ಪಟೆ ಕಲ್ಲೊಂದನ್ನು ಹಿಡಿದು ಮತ್ತೆ ಮತ್ತೆ ಇಳಿದ, ಲಂಗರು ಪತ್ತೆ ಮಾಡಿದ, ಹಗ್ಗ ಕಟ್ಟಿ ಬಂದ. ಸಂಭಾವನೆಯಾಗಿ ಸಿಕ್ಕಿದ್ದು ಅಲ್ಪ ಹಣ, ಜೊತೆಗೆ ಸಿಡಿಮದ್ದು ಹಾಕಿ ಮೀನು ಹಿಡಿಯಲು ಪರವಾನಗಿ. ವೈದ್ಯರ ಕಣ್ಣಿಗೆ ರೋಗವಾಗಿ ಕಂಡ ಆ ಕಿವಿ ಅವನ ಕೆಲಸಕ್ಕೆ ಅನುಕೂಲವಾಗಿಯೇ ಒದಗಿತ್ತು. ತೂತಾದ ತಮಟೆಗೆ ಒತ್ತಡದ ಹಂಗಿಲ್ಲ. ಒಳಗೂ ಹೊರಗೂ ಒಂದೇ ನೀರು, ಒಂದೇ ಭಾರ.

ನೀರಿಗಿಳಿದವನ ಕಿವಿ ಯಾಕೆ ನೋಯುತ್ತದೆ ಎಂಬುದನ್ನು ಮಲೆನಾಡಿನವರಿಗೆ ಅರ್ಥಮಾಡಿಸುವುದು ಸುಲಭ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ನಾಲ್ಕನೇ ತಿರುವಿನ ಹೊತ್ತಿಗೆ ಕಿವಿ ಕಟ್ಟುತ್ತದೆ, ಎಂಜಲು ನುಂಗಿದರೆ ಟಪ್ಪೆಂದು ಬಿಡುತ್ತದೆ. ಕೆಳಗಿನ ಗಾಳಿ ದಟ್ಟ, ತಮಟೆಯ ಹಿಂದಿನ ಪುಟ್ಟ ಕೋಣೆಯಲ್ಲಿರುವುದು ಮೇಲಿನ ತೆಳು ಗಾಳಿ. ಹೊರಗಿನ ಒತ್ತಡ ತಮಟೆಯನ್ನು ಒಳಕ್ಕೆ ದೂಡುತ್ತದೆ. ಗಂಟಲಿನ ಮೇಲ್ಭಾಗದಿಂದ ಆ ಕೋಣೆಗೆ ಹೋಗುವ, ಮೂರೂವರೆ ಸೆಂಟಿಮೀಟರ್ ಉದ್ದದ ನಾಳ ನುಂಗುವಾಗ ಒಮ್ಮೆ ಬಾಯ್ತೆರೆದು ಗಾಳಿಯನ್ನು ಒಳಬಿಡುತ್ತದೆ. ಲೆಕ್ಕ ಸರಿಹೋಗುತ್ತದೆ. ಆದರೆ ಇಡೀ ಘಾಟಿ ಇಳಿದರೂ ಕಿವಿಯ ಮೇಲೆ ಹೆಚ್ಚುವ ಭಾರ ಸಮುದ್ರದಲ್ಲಿ ಒಂದು ಮೀಟರ್ ಇಳಿದಷ್ಟೂ ಇಲ್ಲ. ಹತ್ತು ಮೀಟರ್ ನೀರಿನಲ್ಲಿ ಒತ್ತಡ ಎರಡರಷ್ಟಾಗುತ್ತದೆ, ಮಧ್ಯಕಿವಿಯ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅಲ್ಲಿಂದ ಇನ್ನರ್ಧಕ್ಕೆ ಇಳಿಯಬೇಕಾದರೆ ಮೂವತ್ತು ಮೀಟರ್ ಆಳಕ್ಕೆ ಹೋಗಬೇಕು. ಹಾಗಾಗಿ ಕಿವಿಯ ಮಟ್ಟಿಗೆ ಪಾತಾಳಕ್ಕಿಂತ ಮೊದಲ ಹತ್ತು ಮೀಟರೇ ದೊಡ್ಡ ಗಂಡಾಂತರ. ಗಾಳಿ ಕಳಿಸದೆ ಸುಮ್ಮನೆ ಇಳಿಯುತ್ತ ಹೋದರೆ ಒಂದೂವರೆಯಿಂದ ಐದು ಮೀಟರ್ ಒಳಗೆಲ್ಲೋ ತಮಟೆ ಹರಿಯಬಹುದು. ತಡಮಾಡಿದರೆ ಇನ್ನೊಂದು ತಾಪತ್ರಯ. ವ್ಯತ್ಯಾಸ ಒಂದು ಮಿತಿ ದಾಟಿತೆಂದರೆ ನಾಳದ ಬಾಯಿ ಅದುಮಿ ಮುಚ್ಚಿಹೋಗುತ್ತದೆ, ಎಷ್ಟು ನುಂಗಿದರೂ ತೆರೆಯುವುದಿಲ್ಲ. ತುಸು ಮೇಲೆ ಬರದೆ ಬೇರೆ ದಾರಿಯಿಲ್ಲ.

ಈ ನೋವನ್ನು ಮನುಷ್ಯ ಬರಹದಲ್ಲಿ ದಾಖಲಿಸಿ ಎರಡು ಸಾವಿರ ವರ್ಷ ಮೀರಿದೆ. ಅರಿಸ್ಟಾಟಲ್‌ನ ಹೆಸರಿನಲ್ಲಿ ಬಂದ ‘ಪ್ರಾಬ್ಲೆಮಾಟಾ’ ಎಂಬ ಗ್ರೀಕ್ ಪ್ರಶ್ನಸಂಗ್ರಹದಲ್ಲಿ ಕಿವಿಗೆಂದೇ ಒಂದು ಅಧ್ಯಾಯವಿದೆ. ಸಮುದ್ರದಲ್ಲಿ ಮುಳುಗುವವರ ತಮಟೆ ಒಡೆಯುವುದೇಕೆ? ಅವರು ಕಿವಿಗೆ ಸ್ಪಂಜು ಕಟ್ಟಿಕೊಳ್ಳುವುದೇಕೆ? ಮೊದಲೇ ಕಿವಿಗೆ ಎಣ್ಣೆ ಬಿಟ್ಟುಕೊಂಡರೆ ಒಡೆಯುವುದು ಕಡಿಮೆ ಏಕೆ? ಸ್ಪಂಜು ಹೆಕ್ಕುವವರು ಕಿವಿಯನ್ನೂ ಮೂಗಿನ ಹೊಳ್ಳೆಯನ್ನೂ ಸೀಳಿಸಿಕೊಳ್ಳುವುದೇಕೆ? ಉತ್ತರಗಳು ಇಂದಿಗೆ ನಿಲ್ಲುವಂಥವಲ್ಲ, ಪ್ರಶ್ನೆಗಳು ಮಾತ್ರ ಕಡಲ ದಂಡೆಯಲ್ಲಿ ಕೂತು ಕೇಳಿಸಿಕೊಂಡವು ಎಂಬುದರಲ್ಲಿ ಅನುಮಾನವಿಲ್ಲ. ಎಣ್ಣೆ ಒತ್ತಡವನ್ನು ತಡೆಯಲಾರದು, ಆದರೆ ಕಿವಿಯ ಕಾಲುವೆಯ ಚರ್ಮವನ್ನು ಉಪ್ಪುನೀರಿನಿಂದ ಕಾಯುತ್ತದೆ. ಸ್ಪಂಜು ನೀರಿನ ಹೊಡೆತವನ್ನು ತಗ್ಗಿಸೀತು, ಅಷ್ಟೇ. ಸೀಳಿಸಿಕೊಳ್ಳುವ ಮಾತು ಮಾತ್ರ ಕುತೂಹಲದ್ದು. ತಮಟೆಯನ್ನೇ ತೂತು ಮಾಡಿಕೊಳ್ಳುವ ರೂಢಿಯ ಸುದ್ದಿ ದಡದ ಪಂಡಿತರ ಕಿವಿಗೆ ಹೀಗೆ ಬಿತ್ತೋ ಏನೋ.

ಗ್ರೀಕರಿಗೆ ಆ ನಾಳದ ಸುಳಿವೂ ಇತ್ತು. ಆಡುಗಳು ಕಿವಿಯಲ್ಲಿ ಉಸಿರಾಡುತ್ತವೆ ಎಂದು ಕ್ರೋಟನ್ ಪಟ್ಟಣದ ಅಲ್ಕ್ಮಿಯಾನ್ ಹೇಳಿದ್ದನಂತೆ. ಅದು ತಪ್ಪೆಂದು ಅರಿಸ್ಟಾಟಲ್ ತಿದ್ದುತ್ತಾನೆ. ನಗು ಬರಿಸುವ ಮಾತಾದರೂ, ಕಿವಿಗೂ ಗಂಟಲಿಗೂ ಒಂದು ದಾರಿಯಿದೆ ಎಂಬುದು ಆ ತಪ್ಪಿನೊಳಗೆ ಅಡಗಿ ಕೂತಿತ್ತು. ಆದರೆ ದಾರಿಯ ಸುಳಿವಿದ್ದ ವಿದ್ವಾಂಸನೂ ಕಿವಿ ಒಡೆದುಕೊಳ್ಳುತ್ತಿದ್ದ ಮುಳುಗುಗಾರನೂ ಒಬ್ಬರನ್ನೊಬ್ಬರು ಭೇಟಿಯಾಗಲಿಲ್ಲ. ಈ ಇತಿಹಾಸದುದ್ದಕ್ಕೂ ಆದದ್ದು ಹೆಚ್ಚುಕಡಿಮೆ ಇದೇ.

ಹತ್ತನೇ ಶತಮಾನದಲ್ಲಿ ಪರ್ಷಿಯನ್ ಕೊಲ್ಲಿಯ ಮುತ್ತು ಹೆಕ್ಕುವವರ ಬಗ್ಗೆ ಬರೆದ ಅರಬ್ ಇತಿಹಾಸಕಾರ ಅಲ್ ಮಸೂದಿಯ ಮಾತನ್ನು ಓದಿದರೆ ಗ್ರೀಕರ ಪ್ರತಿಧ್ವನಿ ಕೇಳಿದಂತಾಗುತ್ತದೆ. ಅವರು ಆಮೆಚಿಪ್ಪಿನ ಕ್ಲಿಪ್ಪಿನಿಂದ ಮೂಗನ್ನು ಬಿಗಿಯುತ್ತಾರೆ, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕಿವಿಗೆ ತುರುಕುತ್ತಾರೆ, ಕಿವಿಯ ಬುಡವನ್ನು ಸೀಳಿಸಿಕೊಂಡಿರುತ್ತಾರೆ ಎನ್ನುತ್ತಾನೆ ಅವನು. ‘ಫಿತಾಮ್’ ಎಂದು ಹೆಸರಾದ ಆ ಮೂಗಿನ ಕ್ಲಿಪ್ಪು ಇಪ್ಪತ್ತನೇ ಶತಮಾನದ ಮುತ್ತಿನ ದೋಣಿಗಳಲ್ಲೂ ಇತ್ತು. ಮುಳುಗುಗಾರ ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ನೀರು ಮೂಗಿಗೆ ಹೋಗದಿರಲಿ ಎಂದು ಹುಟ್ಟಿದ ಈ ಚಿಕ್ಕ ಸಾಧನ, ಮೂಗು ಮುಚ್ಚಿ ಗಾಳಿಯನ್ನು ಕಿವಿಗೆ ಅಟ್ಟಲು ಬೇಕಾದ ಅರ್ಧ ಕೆಲಸವನ್ನು ತಾನಾಗಿಯೇ ಮಾಡಿಕೊಡುತ್ತಿತ್ತು. ಉಳಿದರ್ಧವನ್ನು ಅನುಭವವೇ ಕಲಿಸಿರಬೇಕು.

ಇತ್ತ ಮನ್ನಾರ್ ಕೊಲ್ಲಿಯಲ್ಲೂ ಇದೇ ಬದುಕು. ತೂತ್ತುಕುಡಿಯ ಆಚೆಯ ಆ ನೀರಿನಲ್ಲಿ ಪರವ, ಮರಕ್ಕಾಯರ್ ಸಮುದಾಯದವರು ಕಲ್ಲಿನ ಭಾರ ಹಿಡಿದು ಇಳಿದು ಮುತ್ತಿನ ಚಿಪ್ಪನ್ನೂ ಶಂಖವನ್ನೂ ತಂದರು. ಶಾರ್ಕ್ ಬಾರದಂತೆ ಮಂತ್ರ ಹಾಕುವವರಿಗೆ ಬಂದದ್ದರಲ್ಲಿ ಇಪ್ಪತ್ತರಲ್ಲೊಂದು ಪಾಲು ಸಲ್ಲುತ್ತಿತ್ತೆಂದು ಮಾರ್ಕೊ ಪೋಲೊ ಬರೆದಿದ್ದಾನೆ. ಶಾರ್ಕಿಗೆ ಮಂತ್ರವಿತ್ತು, ಕಿವಿಗೆ ಯಾರೂ ಮಂತ್ರ ಹಾಕಿದಂತೆ ಕಾಣೆ. ಭಾರತದ ಕಡೆಯ ಮುತ್ತಿನ ಸುಗ್ಗಿ 1961ಕ್ಕೆ ಮುಗಿಯಿತು, ಶಂಖದ ಕೆಲಸ ಈಗಲೂ ನಡೆಯುತ್ತದೆ. ನಮ್ಮ ದೇವಸ್ಥಾನಗಳ ಮಂಗಳಾರತಿಯಲ್ಲಿ ಊದುವ ಶಂಖಗಳಲ್ಲಿ ಎಷ್ಟೋ ಆ ಕೊಲ್ಲಿಯಲ್ಲಿ ಯಾರೋ ಕಿವಿನೋವು ನುಂಗಿಕೊಂಡು ಎತ್ತಿ ತಂದವು.

ಆಗ್ನೇಯ ಏಷ್ಯಾದ ಬಜಾವ್ ಸಮುದಾಯದ ದಾರಿ ಎಲ್ಲಕ್ಕಿಂತ ನೇರ. ಅವರಲ್ಲಿ ಹಲವರು ಚಿಕ್ಕ ವಯಸ್ಸಿನಲ್ಲೇ ಬೇಕೆಂದೇ ತಮಟೆ ಒಡೆದುಕೊಳ್ಳುತ್ತಿದ್ದರೆಂಬ ವರದಿಗಳಿವೆ. ರಕ್ತ ಬರುತ್ತದೆ, ಕೆಲವು ದಿನ ತಲೆ ಸುತ್ತುತ್ತದೆ, ಆಮೇಲೆ ನೋವಿಲ್ಲದೆ ಮುಳುಗಬಹುದು. ಮುಪ್ಪಿನಲ್ಲಿ ಕಿವುಡು. ಹೊರಗಿನವರು ಇದನ್ನು ಮೂಢತನ ಎನ್ನಬಹುದು. ದಿನಕ್ಕೆ ಹತ್ತಾರು ಸಲ ಇಳಿಯಲೇಬೇಕಾದವನಿಗೆ ಕಿವಿಗಿಂತ ಅನ್ನ ಮುಖ್ಯ ಎಂಬ ಲೆಕ್ಕ ಅದರ ಹಿಂದಿತ್ತು.

ಆ ಲೆಕ್ಕದಲ್ಲಿ ಒಂದು ಅಪಾಯವೂ ಇತ್ತು. ತಮಟೆ ನೀರಿನಡಿಯಲ್ಲೇ ಹರಿದು ತಣ್ಣೀರು ಒಂದು ಕಿವಿಯೊಳಕ್ಕೆ ನುಗ್ಗಿದರೆ, ಸಮತೋಲದ ಅಂಗಕ್ಕೆ ಒಂದು ಕಡೆ ಮಾತ್ರ ಚಳಿ ತಾಗಿ ಲೋಕವೆಲ್ಲ ಗಿರಗಿರ ತಿರುಗುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದು. ರೋಗಿಗಳ ಕಿವಿಗೆ ಬಿಸಿ, ತಣ್ಣನೆಯ ನೀರು ಹಾಯಿಸಿ ಈ ತಲೆಸುತ್ತಿನ ಗುಟ್ಟು ಬಿಡಿಸಿದ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಹುಮಾನ ಬಂತು. ಸುದ್ದಿ ತಲುಪಿದಾಗ ಆತ ರಷ್ಯನ್ನರ ಯುದ್ಧಕೈದಿ.

ಬರಹಕ್ಕಿಂತ ಹಿಂದಿನ ಮುಳುಗುಗಾರರ ಸಾಕ್ಷಿ ಮೂಳೆಯಲ್ಲಿ ಉಳಿದಿದೆ. ತಣ್ಣೀರು ಮತ್ತು ಗಾಳಿಗೆ ವರ್ಷಾನುಗಟ್ಟಲೆ ಒಡ್ಡಿಕೊಂಡ ಕಿವಿಯ ಕಾಲುವೆಯಲ್ಲಿ ಎಲುಬು ಗಂಟುಗಂಟಾಗಿ ಬೆಳೆಯುತ್ತದೆ. ಚಿಲಿಯ ಕರಾವಳಿಯ ಚಿಂಚೊರ‍್ರೊ ಜನರ ತಲೆಬುರುಡೆಗಳಲ್ಲಿ ಇಂಥ ಗಂಟುಗಳು ಧಾರಾಳ. ಮಾನವಶಾಸ್ತ್ರಜ್ಞ ಎರಿಕ್ ಟ್ರಿಂಕಾಸ್ ಮತ್ತು ಸಂಗಡಿಗರು 2019ರಲ್ಲಿ ನೋಡಿದ 23 ನಿಯಾಂಡರ್ತಾಲ್ ಮಾನವರ ಪೈಕಿ ಸುಮಾರು ಅರ್ಧದಷ್ಟು ಮಂದಿಯ ಕಿವಿಯಲ್ಲಿ ಅವು ಸಿಕ್ಕವು. ಅವರೆಲ್ಲ ಮುಳುಗಿದವರು ಎನ್ನುವಂತಿಲ್ಲ, ನೀರಿನ ಸಹವಾಸ ಮಾತ್ರ ಜೋರಾಗಿಯೇ ಇದ್ದಿರಬೇಕು.

ಕಿವಿಯನ್ನು ಹೊರಗಿನಿಂದ ಮುಚ್ಚಿದರೆ ಸಾಕು ಎಂಬ ನಂಬಿಕೆಗೆ ಸರಿಯಾದ ಪೆಟ್ಟು ಬಿದ್ದದ್ದು ಇಂಗ್ಲೆಂಡಿನಲ್ಲಿ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1691ರ ಸುಮಾರಿಗೆ ಒಂದು ಮುಳುಗುಗಂಟೆ ಮಾಡಿಸಿದ. ಬೋರಲು ಹಾಕಿದ ಮರದ ಗಂಟೆ, ಮೇಲೆ ಬೆಳಕಿಗೊಂದು ಗಾಜು, ಗಾಳಿ ತುಂಬಿದ ಪೀಪಾಯಿಗಳನ್ನು ಇಳಿಸಿ ಉಸಿರು ಒದಗಿಸುವ ಏರ್ಪಾಟು. ಅದರಲ್ಲಿ ತಾನೂ ಸೇರಿ ಐವರು ಸುಮಾರು 17 ಮೀಟರ್ ಆಳದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕೂತಿದ್ದರು. ಇಳಿಯುವಾಗ ಗರಿಯ ಕಡ್ಡಿಯನ್ನು ಕಿವಿಯೊಳಕ್ಕೆ ಬಲವಾಗಿ ತಿವಿದಂಥ ನೋವು ಬಂದದ್ದನ್ನು ಹ್ಯಾಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ದಿನಗಳ ಒಬ್ಬ ಮುಳುಗುಗಾರ ಜಾಣತನ ಮಾಡಿ ಕಾಗದ ಅಗಿದು ಉಂಡೆ ಕಟ್ಟಿ ಕಿವಿಗೆ ತುರುಕಿಕೊಂಡ. ಗಂಟೆ ಇಳಿದಂತೆ ಒತ್ತಡ ಆ ಉಂಡೆಯನ್ನು ಎಷ್ಟು ಒಳಕ್ಕೆ ದೂಡಿತೆಂದರೆ ಶಸ್ತ್ರವೈದ್ಯನೊಬ್ಬ ಪಡಿಪಾಟಲುಪಟ್ಟು ಹೊರತೆಗೆಯಬೇಕಾಯಿತು. ಹೊರಗಿನ ಬಿರಡೆ ಮತ್ತು ತಮಟೆಯ ನಡುವೆ ಸಿಕ್ಕಿಬಿದ್ದ ಗಾಳಿಯೂ ಕುಗ್ಗುತ್ತದೆ, ಆ ಜಾಗ ತುಂಬಲು ಬಿರಡೆಯೇ ಒಳಕ್ಕೆ ಸರಿಯುತ್ತದೆ. ಇಂದಿಗೂ ಈಜುಕೊಳದ ರಬ್ಬರ್ ಬಿರಡೆ ಹಾಕಿಕೊಂಡು ಆಳಕ್ಕಿಳಿಯಬಾರದು ಎನ್ನುವುದರ ಕಾರಣ ಇದೇ.

ಹ್ಯಾಲಿ ಕಂಡುಕೊಂಡ ಉಪಾಯ ಸರಳ. ಗಂಟೆಯನ್ನು ಹನ್ನೆರಡು ಅಡಿಗೊಮ್ಮೆ ನಿಲ್ಲಿಸಿ, ಗಾಳಿ ತುಂಬಿ, ಒಳಬಂದ ನೀರನ್ನು ಹೊರದೂಡಿ, ಮತ್ತೆ ಇಳಿಸುವುದು. ನಿಂತಾಗ ನಾಳ ತೆರೆದುಕೊಂಡು ನೋವು ತಟ್ಟನೆ ಮಾಯ. ಅವಸರ ಬೇಡ ಎಂಬ ನಿಯಮ ಅಂದಿನಿಂದ ಬದಲಾಗಿಲ್ಲ.

ಮೂಗು ಹಿಡಿದು ಊದುವ ಉಪಾಯಕ್ಕೆ ಹೆಸರು ಬಂದದ್ದು ಕಡಲಿನಿಂದ ದೂರದ ಬೊಲೋನ್ಯಾದಲ್ಲಿ. ಅಂಗರಚನಾಶಾಸ್ತ್ರಜ್ಞ ಆಂಟೋನಿಯೊ ಮಾರಿಯಾ ವಲ್ಸಾಲ್ವಾ 1704ರಲ್ಲಿ ಮನುಷ್ಯನ ಕಿವಿಯ ಬಗ್ಗೆ ಒಂದು ಗ್ರಂಥ ಹೊರತಂದ. ಸುಮಾರು ನೂರನಲವತ್ತು ವರ್ಷಗಳ ಹಿಂದೆ ಬಾರ್ತಲೋಮಿಯೊ ಯುಸ್ಟಾಕಿ ವರ್ಣಿಸಿದ್ದ ನಾಳಕ್ಕೆ ಯುಸ್ಟೇಶಿಯನ್ ನಾಳ ಎಂಬ ಹೆಸರಿಟ್ಟವನೂ ಇವನೇ. ಬಾಯಿ, ಮೂಗು ಮುಚ್ಚಿ ಉಸಿರನ್ನು ಹೊರದೂಡಿದರೆ ಗಾಳಿ ಕಿವಿಗೆ ಹೋಗುತ್ತದೆ ಎಂದು ಅವನು ಬರೆದದ್ದು ಮುಳುಗುಗಾರರಿಗಲ್ಲ, ಕಿವಿ ಸೋರುವ ರೋಗಿಗಳಿಗೆ. ತೂತಾದ ತಮಟೆಯ ಮೂಲಕ ಕೀವನ್ನು ಹೊರಹಾಕುವುದು ಉದ್ದೇಶ. ತೂತು ಬಿದ್ದ ಕಿವಿಗೆಂದು ಹುಟ್ಟಿದ ಚಿಕಿತ್ಸೆ ಇಂದು ಕಿವಿಗೆ ತೂತು ಬೀಳದಿರಲೆಂದು ಬಳಕೆಯಾಗುತ್ತಿದೆ.

ಇನ್ನೊಂದು ವಿಧಾನ ಲಂಡನ್ನಿನ ಕಿವಿ ವೈದ್ಯ ಜೋಸೆಫ್ ಟಾಯ್ನ್‌ಬಿಯದು: ಮೂಗು ಹಿಡಿದು ನುಂಗುವುದು. ಇತಿಹಾಸಕಾರ ಆರ್ನಾಲ್ಡ್ ಟಾಯ್ನ್‌ಬಿಯ ಅಜ್ಜ ಇವನು. ಕಿವಿಯಲ್ಲಿ ಸದಾ ಗುಂಯ್‌ಗುಡುವ ರೋಗಕ್ಕೆ ಮದ್ದು ಹುಡುಕುತ್ತ ಕ್ಲೋರೋಫಾರ್ಮ್ ಮತ್ತು ಪ್ರೂಸಿಕ್ ಆಮ್ಲದ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿ 1866ರಲ್ಲಿ ಸತ್ತ.

ಅಷ್ಟರಲ್ಲಿ ಆಕಾಶದಿಂದಲೂ ಕಿವಿನೋವಿನ ವರದಿ ಬಂದಾಗಿತ್ತು. 1783ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಿಂದ ಹೈಡ್ರೋಜನ್ ಬಲೂನಿನಲ್ಲಿ ಹಾರಿದ ಜಾಕ್ ಶಾರ್ಲ್, ಜೊತೆಗಾರ ಇಳಿದ ಮೇಲೆ ಒಬ್ಬನೇ ಮತ್ತೆ ಏರಿದ. ಭಾರ ತಗ್ಗಿದ ಬಲೂನು ಅವನನ್ನು ಸುಮಾರು ಮೂರು ಸಾವಿರ ಮೀಟರಿಗೆ ಒಯ್ದಿತು. ಬಲಗಿವಿಯೂ ದವಡೆಯೂ ಸಿಡಿಯುವಂಥ ನೋವು. ಮತ್ತೆಂದೂ ಆತ ಹಾರಲಿಲ್ಲ. ವಿಮಾನಗಳು ಬಂದ ಮೇಲೆ ಈ ನೋವು ಸೈನ್ಯದ ತಲೆನೋವಾಯಿತು. ಕಡಿದಾಗಿ ಎರಗುವ ಜರ್ಮನಿಯ ಸ್ಟೂಕಾ ಬಾಂಬರುಗಳ ಪೈಲಟ್ಟಿಗೆ ಕ್ಷಣಗಳಲ್ಲಿ ಸಾವಿರಾರು ಮೀಟರ್ ಇಳಿತ. ಇಂಥವರಿಗೆಂದು ವೈದ್ಯ ಹರ್ಮನ್ ಫ್ರೆಂಜೆಲ್ 1930ರ ದಶಕದ ಕೊನೆಯಲ್ಲಿ ಒಂದು ಉಪಾಯ ಕಲಿಸಿದ. ಎದೆಯಿಂದ ಊದುವ ಗೊಡವೆಯೇ ಬೇಡ. ಮೂಗನ್ನೂ ಗಂಟಲನ್ನೂ ಮುಚ್ಚಿ, ‘ಕ’ ಅನ್ನಲು ಹೊರಟಂತೆ ನಾಲಗೆಯ ಬುಡವನ್ನು ಹಿಂದಕ್ಕೆ ಒತ್ತಿದರೆ ಬಾಯಲ್ಲಿರುವ ಚೂರು ಗಾಳಿಯೇ ಕಿವಿಗೆ ಹೋಗುತ್ತದೆ. ಬಾಂಬು ಹಾಕುವವರಿಗೆ ಹೇಳಿಕೊಟ್ಟ ವಿದ್ಯೆ ಇಂದು ಉಸಿರು ಬಿಗಿಹಿಡಿದು ಇಳಿಯುವ ಎಲ್ಲ ಫ್ರೀಡೈವರುಗಳ ಮೊದಲ ಪಾಠ.

ನೀರಿನೊಳಗೆ ಮೂಗು ಕೈಗೆ ಸಿಗಬೇಕಲ್ಲ? ತಾಮ್ರದ ಹೆಲ್ಮೆಟ್ ತೊಟ್ಟ ಹತ್ತೊಂಬತ್ತನೇ ಶತಮಾನದ ಡೈವರಿಗೆ ಅದು ಸಿಗುತ್ತಿರಲಿಲ್ಲ. ಮುಖ ಬಾಗಿಸಿ ಹೆಲ್ಮೆಟ್ಟಿನ ಒಳ ಅಂಚಿಗೆ ಮೂಗನ್ನು ಒತ್ತಿ ಊದುತ್ತಿದ್ದ, ಇಲ್ಲವೇ ದವಡೆ ಆಡಿಸುತ್ತ ನುಂಗುತ್ತಿದ್ದ. ಈಗಿನ ಹೆಲ್ಮೆಟ್ಟುಗಳಲ್ಲಿ ಹೊರಗಿನಿಂದ ದೂಡಿದರೆ ಮೂಗಿನ ಕೆಳಗೆ ಬಂದು ಕೂರುವ ಮೆತ್ತೆಯೊಂದಿದೆ. ಕೂಸ್ತೊ ಮತ್ತು ಗಾನ್ಯಾನ್ 1943ರಲ್ಲಿ ನೀರಿನಡಿ ಉಸಿರಾಡುವ ಸಾಧನ ಅಕ್ವಾಲಂಗ್ ರೂಪಿಸುವ ಹೊತ್ತಿಗೆ ಕಣ್ಣು, ಮೂಗು ಎರಡನ್ನೂ ಮುಚ್ಚುವ ಒಂದೇ ಗಾಜಿನ ಮಾಸ್ಕ್ ಬಂದಿತ್ತು. ಮೂಗು ಒಳಗಿದ್ದರೆ ಮಾಸ್ಕಿನ ಗಾಳಿಯನ್ನು ಸರಿದೂಗಿಸಬಹುದು, ಆದರೆ ಗಟ್ಟಿ ರಬ್ಬರಿನ ಮೇಲಿಂದ ಅದನ್ನು ಹಿಂಡುವುದು ಹೇಗೆ? ಎರಡು ಬೆರಳಿಗೆ ಸಿಗುವಂತೆ ಮಾಸ್ಕಿನಲ್ಲೇ ಮೂಗಿಗೊಂದು ಮೆತ್ತನೆಯ ಗೂಡು ಮಾಡಿದ್ದು ಮೇಲ್ನೋಟಕ್ಕೆ ಕ್ಷುಲ್ಲಕ ಸುಧಾರಣೆ. ಸ್ಕೂಬಾ ಹವ್ಯಾಸಿಗಳ ಕಿವಿ ಉಳಿಸಿದ್ದರಲ್ಲಿ ಅದರ ಪಾಲು ಯಾವ ಔಷಧಿಗಿಂತಲೂ ಹೆಚ್ಚು ಎನ್ನಬೇಕು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಸಬ್‌ಮರೀನ್ ಸಿಬ್ಬಂದಿಯನ್ನು ಒತ್ತಡದ ಕೋಣೆಗೆ ಹಾಕಿ ತಾಲೀಮು ಕೊಡುತ್ತಿತ್ತು. ವೈದ್ಯ ವಾಲೆಸ್ ಟೀಡ್ ಅವರ ಕಿವಿಗಳನ್ನು ನೋಡಿ, ಏನೂ ಆಗದ ತಮಟೆಗೆ ಸೊನ್ನೆ, ಹರಿದದ್ದಕ್ಕೆ ನಾಲ್ಕು, ನಡುವೆ ಕೆಂಪು ಮತ್ತು ರಕ್ತದ ಪ್ರಮಾಣಕ್ಕೆ ತಕ್ಕ ಅಂಕ ಎಂಬ ಅಳತೆಯನ್ನು 1944ರಲ್ಲಿ ಪ್ರಕಟಿಸಿದ. ಡೈವಿಂಗ್ ವೈದ್ಯರು ಈಗಲೂ ಅದರ ಹೆಸರು ಹೇಳುತ್ತಾರೆ.

ಎಲ್ಲರೂ ಮೂಗು ಹಿಡಿದು ಊದಲು ಕಲಿತ ಮೇಲೆ ಹೊಸ ರೋಗವೊಂದು ಕಾಣಿಸಿಕೊಂಡಿತು. ತಮಟೆ ನೆಟ್ಟಗಿದೆ, ಆದರೂ ಡೈವಿಂಗ್ ಮುಗಿಸಿ ಬಂದವನಿಗೆ ಒಂದು ಕಿವಿ ಕೇಳುತ್ತಿಲ್ಲ, ಗುಂಯ್ ಎನ್ನುತ್ತದೆ, ತಲೆ ಸುತ್ತಿ ವಾಂತಿ. ಆಸ್ಟ್ರೇಲಿಯಾದ ಪೀಟರ್ ಫ್ರೀಮನ್ ಮತ್ತು ಕಾರ್ಲ್ ಎಡ್ಮಂಡ್ಸ್ 1972ರಲ್ಲಿ ಇಂಥ ಪ್ರಕರಣಗಳನ್ನು ವಿವರಿಸಿದರು. ನಾಳ ಮುಚ್ಚಿಕೊಂಡಿದ್ದಾಗ ಹಟ ಹಿಡಿದು ಬಿರುಸಾಗಿ ಊದಿದರೆ ತಲೆಯೊಳಗಿನ ದ್ರವದ ಒತ್ತಡ ಏರುತ್ತದೆ, ಅದು ಒಳಕಿವಿಗೂ ಮಧ್ಯಕಿವಿಗೂ ನಡುವಿನ ತೆಳು ಪೊರೆಯನ್ನು ಹರಿಯಬಲ್ಲದು. ಹರಿದ ತಮಟೆ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ, ಒಳಕಿವಿಗೆ ಆದ ಪೆಟ್ಟಿಗೆ ಆ ಭರವಸೆ ಇಲ್ಲ. ಅಲ್ಲಿಂದ ಪಾಠದ ಧಾಟಿ ಬದಲಾಯಿತು: ಮೆಲ್ಲಗೆ ಊದು, ನೋವು ಬರುವ ಮೊದಲೇ ಊದು, ಅರ್ಧ ಮೀಟರಿಗೊಮ್ಮೆ ಊದು, ಆಗದಿದ್ದರೆ ಮೇಲೆ ಬಾ.

ಒತ್ತಡದ ಗಲಾಟೆಯಲ್ಲಿ ಹೊರಕಿವಿಯನ್ನು ಮರೆತವರೂ ಅನುಭವಿಸಿದ್ದಾರೆ. ದಿನಗಟ್ಟಲೆ ಸಮುದ್ರದಡಿಯ ಒತ್ತಡದಲ್ಲೇ ವಾಸ ಮಾಡುವ ಸ್ಯಾಚುರೇಷನ್ ಡೈವರುಗಳಿಗೆ, ತೇವ ಮತ್ತು ಸೆಕೆಯಿಂದ ಕಿವಿಯ ಕಾಲುವೆಯಲ್ಲಿ ಸೋಂಕು ತಪ್ಪಿದ್ದಲ್ಲ. ಅಮೆರಿಕದ ನೌಕಾಪಡೆ ಕಂಡುಕೊಂಡ ಮದ್ದು ಶೇ. 2ರ ಅಸೆಟಿಕ್ ಆಮ್ಲದ ಹನಿ, ಅಂದರೆ ವಿನಿಗರ್‌ನ ಹುಳಿಯೇ. ಬೆಳಿಗ್ಗೆ, ರಾತ್ರಿ, ನೀರಿಗಿಳಿಯುವ ಮೊದಲು ಮತ್ತು ಮೇಲೆ ಬಂದ ನಂತರ, ಒಂದೊಂದು ಕಿವಿಗೂ ಗಡಿಯಾರ ನೋಡಿ ಐದೈದು ನಿಮಿಷ. ಬ್ಯಾಕ್ಟೀರಿಯಾಗಳಿಗೆ ಹುಳಿ ಆಗದು. ಕಿವಿಯ ಗುಗ್ಗೆಗೂ ಇದೇ ಗುಣವಿದೆ. ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ಅದನ್ನು ಕೆರೆದು ತೆಗೆಯುವ ನಮ್ಮ ಮನೆಮನೆಯ ಚಟ ಡೈವರಿಗೆ ಎರಡು ಪಾಲು ಕೆಟ್ಟದ್ದು.

ಕರ್ನಾಟಕದಲ್ಲಿ ಈ ಇತಿಹಾಸವೆಲ್ಲ ಒಟ್ಟಿಗೆ ಎದುರಾಗುವ ಜಾಗ ಮುರುಡೇಶ್ವರದಾಚೆಯ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಬೆಳಿಗ್ಗೆ ಬೋಟ್ ಏರುತ್ತಾರೆ. ಮೊದಲ ಸಲದವರಿಗೆ ಹೇಳಿಕೊಡುವ ನಾಲ್ಕಾರು ಸನ್ನೆಗಳಲ್ಲಿ ಒಂದು ಕಿವಿಯದು: ಅಂಗೈ ಅಗಲಿಸಿ ಅತ್ತಿತ್ತ ಆಡಿಸಿ, ತೋರುಬೆರಳಿನಿಂದ ಕಿವಿ ತೋರಿಸಬೇಕು. ಕಂಡ ಕೂಡಲೇ ಜೊತೆಗಿರುವ ಡೈವರ್ ಅವರನ್ನು ಒಂದು ಮೀಟರ್ ಮೇಲಕ್ಕೆ ತಂದು, ಮತ್ತೆ ಮೂಗು ಹಿಡಿಸಿ ಊದಿಸುತ್ತಾನೆ. ಹ್ಯಾಲಿ ತನ್ನ ಗಂಟೆಯನ್ನು ನಿಲ್ಲಿಸಿ ನಿಲ್ಲಿಸಿ ಇಳಿಸಿದ್ದೂ ಇದನ್ನೇ ನೆಚ್ಚಿ.

ಕಷ್ಟ ಬರುವುದು ನೆಗಡಿಯಾದವರ ಜೊತೆ. ಎರಡು ವಾರ ಮೊದಲೇ ದುಡ್ಡು ಕಟ್ಟಿರುತ್ತಾರೆ, ರಜೆ ಒಂದೇ ದಿನ, ಗೆಳೆಯರೆಲ್ಲ ಇಳಿಯುತ್ತಿದ್ದಾರೆ. ಮೂಗು ಬಿಡಿಸುವ ಮಾತ್ರೆ ನುಂಗಿ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಇಳಿಯುವಾಗ ಕಿವಿಯೂ ಬಿಡುತ್ತದೆ. ಆದರೆ ಆಳದಲ್ಲಿದ್ದಾಗ ಮಾತ್ರೆಯ ಪ್ರಭಾವ ಇಳಿದರೆ ನಾಳ ಮತ್ತೆ ಊದಿಕೊಂಡು ಮುಚ್ಚುತ್ತದೆ. ಮೇಲೇರುವಾಗ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಿರುವುದರಿಂದ ಕೆಳಗೇ ಕಾಯುವಂತೆಯೂ ಇಲ್ಲ. ಆದ್ದರಿಂದ ಮೂಗು ಕಟ್ಟಿದವರನ್ನು ಇಳಿಸಲು ಒಪ್ಪದ ತರಬೇತುದಾರನೊಡನೆ ಚೌಕಾಸಿಗೆ ನಿಲ್ಲುವುದು ದಂಡ. ಅಂಥವರಿಗೆ ಲೈಫ್ ಜಾಕೆಟ್ ತೊಡಿಸಿ, ಸ್ನಾರ್ಕೆಲ್ ಕೊಟ್ಟು, ದ್ವೀಪದ ಬಂಡೆಗಳ ಬಳಿ ಮೇಲ್ಮೈಯಲ್ಲೇ ತೇಲಿಸುತ್ತಾರೆ. ನೀರು ತಿಳಿಯಾಗಿದ್ದ ದಿನ ಬಣ್ಣದ ಮೀನುಗಳು ಅಲ್ಲಿಂದಲೂ ಕಾಣುತ್ತವೆ.